ಮೂರನೆಯ ಹಾಡಿಗೆ ಮುಚ್ಚುವ ಬಾಗಿಲು

"ಗುರುಗಳೇ, ಒಂದೇ ಹಾಡು ಒಬ್ಬನಿಗೆ ಜೇನು, ಇನ್ನೊಬ್ಬನಿಗೆ ಉಪ್ಪಿಲ್ಲದ ಸಾರು. ಹಾಡಿದವನು ಯಾರ ಮಾತು ಕೇಳಬೇಕು?"

ಹೀಗೆ ಕೇಳಿದವನು ಗೋಪಣ್ಣ. ವರದಪ್ಪದಾಸರ ಬಳಿ ಹನ್ನೆರಡು ವರ್ಷ ಸ್ವರ ಕಲಿತವನು. ಈಗ ಗಿಟಾರು ಹಿಡಿದು ಮೂವರು ಗೆಳೆಯರ ಜೊತೆ ಹಾಡುತ್ತಿದ್ದ. ಅವರ ಹಾಡೆಂದರೆ ಡ್ರಮ್ಮಿನ ಅಬ್ಬರ. ಕೂತವನು ಎದ್ದು ಕುಣಿಯಬೇಕು. ಈ ಸಲ ಮಾತ್ರ ಮೆಲುದನಿಯ ಎಂಟು ಹಾಡುಗಳ ಆಲ್ಬಮ್ ತಂದಿದ್ದರು.

"ಎದೆ ಹಗುರಾಯಿತು ಅಂತ ಒಬ್ಬ ಬರೆಯುತ್ತಾನೆ. ಅವನ ಕೆಳಗೇ ಇನ್ನೊಬ್ಬ, ನಿದ್ದೆಮಾತ್ರೆಗೆ ಗಿಟಾರು ಯಾಕೆ ಅಂತ. ಒಬ್ಬನಿಗೆ ಐದನೆಯ ಹಾಡೊಂದೇ ಸಾಕಂತೆ. ಮಿಕ್ಕವರಿಗೆ ನಮ್ಮ ಹಳೆಯ ಅಬ್ಬರವೇ ಬೇಕು. ಎಂಟಕ್ಕೂ ಡ್ರಮ್ಮು ಸೇರಿಸಿ ಮತ್ತೆ ಬಿಡೋಣ ಅನ್ನುತ್ತಾರೆ ಗೆಳೆಯರು. ನಾಳೆ ಬೆಳಿಗ್ಗೆ ನಾನು ಹೂಂ ಅನ್ನಬೇಕು. ಉಹೂಂ ಅಂದರೆ ನಾಲ್ವರು ಮೂವರಾಗುತ್ತಾರೆ."

ಇಷ್ಟೆಲ್ಲ ಹೇಳಿದವನು ಒಂದು ಮಾತು ಬಿಟ್ಟ. ಬಿದ್ದು ಸೊಂಟ ಮುರಿದುಕೊಂಡ ತಂಗಿ ರುಕ್ಕು ನೋವಿನಿಂದ ಕಣ್ಣು ಮುಚ್ಚಲಾರದೆ ಮಲಗಿದ್ದಾಗ, ಅವಳ ಮಂಚದ ಪಕ್ಕ ಕೂತು ಅವನು ಕಟ್ಟಿದ ಹಾಡುಗಳು ಅವು. ಅವನು ಹೇಳದಿದ್ದರೂ ದಾಸರಿಗೆ ಅದು ಗೊತ್ತಿತ್ತು.

ದಾಸರು ತಂಬೂರಿಯನ್ನು ಪಕ್ಕಕ್ಕೆ ಇಟ್ಟರು. "ಕೇಳು" ಎಂದರು.

ಒಂದು ಊರು. ಆ ಊರಿನಲ್ಲಿ ಬಾಲಕೃಷ್ಣನ ಗುಡಿ. ಅಲ್ಲಿ ದೇವರು ಅಂಬೆಗಾಲಿಡುವ ಕೂಸು. ಕೂಸನ್ನು ಹೇಗೆ ನೋಡಿಕೊಳ್ಳಬೇಕೋ ಹಾಗೆ ಅವನ ಸೇವೆ. ಬೆಳಿಗ್ಗೆ ನಗಾರಿ ಬಾರಿಸಿ, ಎತ್ತರದ ದನಿಯಲ್ಲಿ ಹಾಡಿ ಎಬ್ಬಿಸುವುದು. ಮಧ್ಯಾಹ್ನ ನೈವೇದ್ಯವಾದ ಮೇಲೆ ಬೆಳ್ಳಿ ತೊಟ್ಟಿಲಲ್ಲಿ ಇಟ್ಟು ಜೋಗುಳ ಹಾಡಿ ಮಲಗಿಸುವುದು. ಕೂಸು ಮಲಗಿದ ಮೇಲೆ ಅರ್ಚಕರು ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಬಾಗಿಲು ಹಾಕಿದ ಮೇಲೆಯೇ ಭಕ್ತರಿಗೆ ಎಲೆ ಹಾಕುವುದು. ಅಲ್ಲಿಯವರೆಗೆ ಯಾರೂ ತುತ್ತು ಎತ್ತುವಂತಿಲ್ಲ. ದೇವರಿಗೂ ನಿದ್ದೆಯೇ ಎಂದು ನಗಬೇಡ. ಲೋಕಕ್ಕೆಲ್ಲ ಎಚ್ಚರವಾಗಿರುವವನು ಪ್ರೀತಿಯಿಂದ ತೂಗಿದವರ ಕೈಯಲ್ಲಿ ಕಣ್ಣು ಮುಚ್ಚುತ್ತಾನೆ.

ಆ ಗುಡಿಯಲ್ಲಿ ಬೆಳಗಿನ ಸೇವೆಗೆ ಒಬ್ಬ ಹಾಡುಗಾರನಿದ್ದ. ಅವನು ಬಾಯಿ ತೆರೆದರೆ ಹೊಳೆಯ ಆಚೆ ದಡದವರೂ ಹಾಸಿಗೆ ಸುತ್ತುತ್ತಿದ್ದರು. ಜೋಗುಳ ಹಾಡುತ್ತಿದ್ದ ಮುದುಕ ತೀರಿಕೊಂಡಾಗ ಊರ ಹಿರಿಯರು ಇವನನ್ನು ಕರೆದರು. "ಮಧ್ಯಾಹ್ನದ ಸೇವೆಯನ್ನೂ ನೀನೇ ಮಾಡು. ಒಂದು ತಿಂಗಳು ನೋಡುತ್ತೇವೆ. ಒಗ್ಗದಿದ್ದರೆ ಬೇರೆಯವರನ್ನು ಕರೆಸುತ್ತೇವೆ" ಎಂದರು.

ಹಾಡುಗಾರನಿಗೆ ಆ ಸೇವೆ ಬೇಕಿತ್ತು. ಹೊಸದಾಗಿ ನಾಲ್ಕು ಜೋಗುಳ ಕಟ್ಟಿದ. ನಗಾರಿ ಬಿಟ್ಟ, ತಾಳ ಬಿಟ್ಟ, ಒಂದು ತಂಬೂರಿ ಹಿಡಿದು ಕೂತ. ಅವನ ಗಂಟಲಿನ ಕೀರ್ತಿ ಕೇಳಿದ್ದವರೆಲ್ಲ ಆ ದಿನ ಗುಡಿಗೆ ಬಂದರು. ಅವನು ಉಸಿರಿನಷ್ಟೇ ದನಿಯಲ್ಲಿ ಹಾಡಿದ.

ಮುಗಿದ ಮೇಲೆ ಒಬ್ಬ ವ್ಯಾಪಾರಿ ಹತ್ತಿರ ಬಂದ. "ಏನಯ್ಯಾ, ಗಂಟಲು ಮನೆಯಲ್ಲೇ ಮರೆತು ಬಂದೆಯಾ? ನಮ್ಮ ಅಂಗಡಿ ಬೆಕ್ಕು ಇದಕ್ಕಿಂತ ಜೋರಾಗಿ ಕೂಗುತ್ತದೆ."

ಒಬ್ಬ ಪಂಡಿತ ಹೇಳಿದ: "ಮೊದಲನೆಯದು ಪರವಾಗಿಲ್ಲ. ಉಳಿದ ಮೂರೂ ಅದರ ನೆರಳು."

ಹೂವು ಮಾರುವ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು, "ನಾಳೆಯೂ ಇದನ್ನೇ ಹಾಡ್ತೀಯಲ್ಲಣ್ಣಾ?" ಎಂದಳು. ಗರಡಿಯ ಪೈಲ್ವಾನನೊಬ್ಬ ಏನೂ ಹೇಳಲಿಲ್ಲ. ಎರಡನೆಯ ಹಾಡಿನಲ್ಲೇ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದ.

ಇವೆಲ್ಲವನ್ನೂ ಹಾಡುಗಾರ ತಾಳಿಕೊಂಡಾನು. ಅವನು ತಾಳಲಾರದೆ ಹೋದದ್ದು ಬೇರೆ. ಮೂರನೆಯ ಹಾಡು ಮುಗಿದು ನಾಲ್ಕನೆಯದಕ್ಕೆ ಅವನು ಶ್ರುತಿ ಹಿಡಿಯುವಷ್ಟರಲ್ಲಿ, ಒಳಗಿನಿಂದ ಅರ್ಚಕರು ಮೆಲ್ಲಗೆ ಬಾಗಿಲು ಹಾಕಿಬಿಟ್ಟರು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಭಕ್ತರು ಆಡಿಕೊಳ್ಳಲಿ, ದೇವರ ಪಕ್ಕದಲ್ಲಿರುವವರಿಗೇ ನನ್ನ ಹಾಡು ಸಾಕಾಯಿತೇ ಎಂದು ಅವನು ಒಳಗೇ ಕುದಿದ. ನಾಲ್ಕನೆಯ ಹಾಡು ಅವನಿಗೆ ಎಲ್ಲಕ್ಕಿಂತ ಪ್ರಿಯವಾಗಿತ್ತು. ಅದನ್ನು ಮುಚ್ಚಿದ ಬಾಗಿಲಿಗೆ ಹಾಡಿ ಹಾಡಿ ಬೇಸತ್ತ.

ಹತ್ತು ದಿನ ಕಳೆಯಿತು. ಅವನು ಹಾಡುಗಳನ್ನು ತಿದ್ದಲು ಕೂತ. ವ್ಯಾಪಾರಿಗಾಗಿ ದನಿ ಏರಿಸಿದ. ಪಂಡಿತನಿಗಾಗಿ ಪ್ರತಿ ಹಾಡಿಗೂ ಬೇರೆ ಬೇರೆ ಗಮಕ ಹೆಣೆದ. ಪೈಲ್ವಾನನ ಗೊರಕೆಗೆ ಮದ್ದಾಗಿ ತಾಳ ತಂದ, ತಾಳ ಸಾಲದೆ ಮೃದಂಗದವನನ್ನು ಕೂರಿಸಿದ.

ಇಪ್ಪತ್ತನೆಯ ದಿನ ಗುಡಿ ತುಂಬಿತ್ತು. ಮೊದಲ ಹಾಡಿಗೆ ವ್ಯಾಪಾರಿ "ಹಾಂ, ಈಗ ಬಂತು ನೋಡು ಗಂಟಲು!" ಎಂದು ಕೂಗಿದ. ಎರಡನೆಯದಕ್ಕೆ ಪಂಡಿತ ತಲೆದೂಗಿದ. ಪೈಲ್ವಾನ ತೊಡೆ ತಟ್ಟಿ ತಾಳ ಹಾಕಿದ. ಮೂರನೆಯದು ಮುಗಿಯಿತು. ಬಾಗಿಲು ಮುಚ್ಚಲಿಲ್ಲ. ಹಾಡುಗಾರನ ಎದೆ ಅರಳಿತು. ನಾಲ್ಕನೆಯದನ್ನು ಮೈಮರೆತು ಹಾಡಿದ. ಆಗಲೂ ಮುಚ್ಚಲಿಲ್ಲ. ಅರ್ಚಕರಿಗೇ ಹಸಿವು ಮರೆತುಹೋಯಿತು ಎಂದುಕೊಂಡ. ಮೊದಲಿನಿಂದ ಇನ್ನೊಮ್ಮೆ ಹಾಡಿದ.

ಊಟದ ಸಾಲಿನಲ್ಲಿ ಎಲೆಗಳು ಒಣಗತೊಡಗಿದವು. ಅನ್ನ ಆರಿತು. ಮಕ್ಕಳು ರಚ್ಚೆ ಹಿಡಿದವು. "ಸಾಕು ಮಾಡೋ ಮಾರಾಯ, ಹೊಟ್ಟೆ ತಾಳ ಹಾಕುತ್ತಿದೆ" ಎಂದ ವ್ಯಾಪಾರಿ. ಹೂವಿನ ಹೆಂಗಸು ಆಗಲೇ ಬುಟ್ಟಿ ಎತ್ತಿಕೊಂಡು ಹೋಗಿದ್ದಳು.

ಹಾಡುಗಾರ ಎದ್ದು ಗರ್ಭಗುಡಿಯ ಹೊಸ್ತಿಲಿನ ಬಳಿ ಬಂದು ನಿಂತ. ಮುಖದಲ್ಲಿ ಬೆವರು, ತುಟಿಯಲ್ಲಿ ನಗು.

"ಇವತ್ತು ತಮಗೂ ಹಿಡಿಸಿತು ಅಂತ ಕಾಣುತ್ತದೆ, ಭಟ್ಟರೇ."

ಅರ್ಚಕರು ಕೂತು ತೊಟ್ಟಿಲ ಹಗ್ಗ ಎಳೆಯುತ್ತಿದ್ದರು. ಕೈ ಸೋತಿತ್ತು. ಅವರು ತಲೆ ಎತ್ತಿದರು.

"ಮೂರು ಹಾಡಿಗೆ ಮಲಗುತ್ತಿದ್ದ ಕೂಸಪ್ಪಾ ಇದು. ಇವತ್ತು ಎಂಟಾದರೂ ಎದ್ದು ಕೂತಿದೆ. ಬಾಗಿಲು ಹೇಗೆ ಹಾಕಲಿ?"

ಹಾಡುಗಾರ ನಿಂತಲ್ಲೇ ನಿಂತ. ಹತ್ತು ದಿನ ಅವಮಾನ ಎಂದುಕೊಂಡು ನುಂಗಿದ್ದು ಪ್ರಸಾದವಾಗಿತ್ತು. ನಾಲ್ಕನೆಯ ಹಾಡಿನ ತನಕ ಕಾಯಲಾರದೆ ಕಣ್ಣು ಮುಚ್ಚಿದವನು ಸ್ವತಃ ಅವನೇ, ತೊಟ್ಟಿಲಲ್ಲಿದ್ದವನು. ತನ್ನ ದನಿಗೆ ಮಲಗುತ್ತಿದ್ದ ಕೂಸನ್ನು ತಾನೇ ಎಬ್ಬಿಸಿ ಕೂರಿಸಿದ್ದ.

ಅವನು ಕೆನ್ನೆ ಬಡಿದುಕೊಂಡ. ಹಿಂದಿರುಗಿ ಮೃದಂಗಕ್ಕೆ ಗವಸು ಹಾಕಿಸಿದ. ತಾಳವನ್ನು ಕಂಬದ ಹಿಂದೆ ಇಟ್ಟ. ತಂಬೂರಿ ತೊಡೆಗೆ ಒರಗಿಸಿಕೊಂಡು, ಮೊದಲ ದಿನದ ದನಿಯಲ್ಲಿ, ಯಾರ ಮುಖವನ್ನೂ ನೋಡದೆ ಶುರು ಮಾಡಿದ.

ವ್ಯಾಪಾರಿ, "ಮುಗಿಯಿತು, ಮತ್ತೆ ಬೆಕ್ಕು ಬಂತು" ಎಂದ. ಪಂಡಿತ ಆಕಳಿಸಿದ. ಎರಡನೆಯ ಹಾಡಿಗೆ ಪೈಲ್ವಾನ ಗೊರಕೆ ತೆಗೆದ. ಹಾಡುಗಾರನಿಗೆ ಅದೂ ಶ್ರುತಿ ಸೇರಿದಂತೆಯೇ ಕೇಳಿತು. ಮೂರನೆಯದರ ಕೊನೆಯ ಸಾಲು ಮುಗಿಯಿತು.

ಬಾಗಿಲು ಮೆಲ್ಲಗೆ ಮುಚ್ಚಿತು.

ತಿಂಗಳು ತುಂಬಿದಾಗ ಹಿರಿಯರು ಸೇರಿದರು. ವ್ಯಾಪಾರಿ ಬೇಡವೆಂದ, ಹೂವಿನವಳು ಬೇಕೆಂದಳು, ಪಂಡಿತ ಮೊದಲನೆಯದೊಂದು ಸಾಕು ಎಂದ. ಹಿರಿಯರು ತಲೆ ಕೆರೆದುಕೊಂಡು ಅರ್ಚಕರನ್ನು ಕೇಳಿದರು. "ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆಯಲ್ಲ" ಎಂದರು ಅರ್ಚಕರು. ಸೇವೆ ಅವನಿಗೇ ಉಳಿಯಿತು. ಬೆಳಗಿನ ಜಾವ ಅದೇ ಹಾಡುಗಾರ ನಗಾರಿ ಬಾರಿಸಿ ಊರನ್ನೇ ಎಬ್ಬಿಸುತ್ತಿದ್ದ. ಮಧ್ಯಾಹ್ನ ಅದೇ ಗಂಟಲಿನಲ್ಲಿ ಮೂರೇ ಹಾಡು. ನಾಲ್ಕನೆಯದನ್ನು ಅವನು ಮತ್ತೆಂದೂ ಗುಡಿಯಲ್ಲಿ ಹಾಡಲಿಲ್ಲ. ಮನೆಗೆ ನಡೆಯುವ ದಾರಿಯಲ್ಲಿ ತನ್ನಷ್ಟಕ್ಕೆ ಗುನುಗಿಕೊಳ್ಳುತ್ತಿದ್ದ.

ಕತೆ ಮುಗಿಸಿ ದಾಸರು ತಂಬೂರಿಯನ್ನು ಮತ್ತೆ ತೊಡೆಯ ಮೇಲೆ ಎತ್ತಿಕೊಂಡರು.

ಗೋಪಣ್ಣ ಕೇಳಿದ: "ಅವನಿಗೆ ಕೇಳಲು ಅರ್ಚಕರಿದ್ದರು, ಗುರುಗಳೇ. ಸಾವಿರ ಜನ ಸಾವಿರ ಮಾತಾಡುವಾಗ ನಾನು ಯಾರನ್ನು ಕೇಳಲಿ?"

ದಾಸರು ತಂತಿ ಮೀಟಿ, ಅದರ ನಾದ ಅಡಗುವ ತನಕ ಕಾದರು.

"ಸಾವಿರ ಜನ ಹೇಳಿದ್ದನ್ನು ಹೇಳಿದೆಯಲ್ಲಪ್ಪಾ, ರುಕ್ಕುಗೆ ನಿದ್ದೆ ಬಂತೇ?"

"ಬಂತು" ಎಂದು ಗೋಪಣ್ಣ ಗುರುಗಳ ಕಾಲು ಮುಟ್ಟಿ ಎದ್ದ.