ಬಿಡಲು ಬಾರದ ಕಂದು ಚಿಪ್ಪಿ

ಕಡಲಿನಲ್ಲಿ ಉಪ್ಪು ಇನ್ನೂ ಪೂರ್ತಿ ಕರಗಿರದ ಕಾಲ. ಹೊಳೆಗಳು ಬೆಟ್ಟಗಳ ಹತ್ತಿರ ದಾರಿ ಕೇಳಿಕೊಂಡು ಬರುತ್ತಿದ್ದ ಕಾಲ. ಆಗ ಒಂದು ದಿನ ಕಡಲು ತನ್ನ ಮಕ್ಕಳನ್ನೆಲ್ಲ ಕರೆದು ಜಾಗ ಹಂಚಿತು.

ಏಡಿಗೆ ಬಿಲ ಕೊಟ್ಟಿತು. ಸಿಗಡಿಗೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡದ ಬೇರು ಕೊಟ್ಟಿತು. ಬಳಚಿಗೆ, ಹೊಳೆ ಕಡಲನ್ನು ಸೇರುವ ಅಳಿವೆಯ ಮೆತ್ತನೆಯ ಮರಳು ಕೊಟ್ಟಿತು. ಬಳಚು ಯಾವುದೆಂದು ಕೇಳಬೇಡ. ನಿನ್ನೆ ನೀನು ಎರಡು ಬಟ್ಟಲು ತಿಂದು ಚಿಪ್ಪನ್ನು ಅಂಗಳದಲ್ಲಿ ಎಸೆದೆಯಲ್ಲ, ಅದೇ.

ಹಂಚಿ ಮುಗಿದ ಮೇಲೆ ದೂರದ ಕಡಲಿನಿಂದ ಒಂದು ಮರದ ದಿಮ್ಮಿ ತೇಲಿ ಬಂತು. ಅದಕ್ಕೊಂದು ಕಂದು ಚಿಪ್ಪಿ ಅಂಟಿಕೊಂಡಿತ್ತು. ನಿನ್ನ ಕಿರುಬೆರಳಿನ ಉಗುರಿನಷ್ಟೇ ಇತ್ತು.

"ನನಗೆ ಜಾಗ?" ಎಂದಿತು ಚಿಪ್ಪಿ.

"ಎಲೆ ಎತ್ತಿದ ಮೇಲೆ ಊಟಕ್ಕೆ ಬಂದ್ರೆ ಎಂತ ಬಡಿಸೂದು?" ಎಂದಿತು ಕಡಲು. ಆಮೇಲೆ ಅದಕ್ಕೇ ಪಾಪ ಅನ್ನಿಸಿತು. "ಎಲ್ಲಿ ಹಿಡ್ಕಂಡು ಕೂರೂಕೆ ಆಗ್ತದೋ ಅಲ್ಲೇ ಕೂರು."

ಕಂದು ಚಿಪ್ಪಿ ಕೂದಲಿಗಿಂತ ಸಣ್ಣ ನಾರು ಬಿಟ್ಟು ಬಂಡೆಯನ್ನು ಹಿಡಿಯಿತು. ಅದರ ಮಕ್ಕಳು ಬಲೆಯ ಗೂಟ ಹಿಡಿದವು. ಮೊಮ್ಮಕ್ಕಳು ಒಂದನ್ನೊಂದು ಹಿಡಿದವು. ಹಿಡಿದದ್ದನ್ನು ಯಾವುದೂ ಬಿಡಲಿಲ್ಲ. ಒಪ್ಪಲೇಬೇಕು, ಅಂಥ ಗಟ್ಟಿಗಿತ್ತಿಯನ್ನು ನಾನು ಬೇರೆ ಕಂಡಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಅಳಿವೆಯ ಮರಳಿನ ಮೇಲೆ ಕಂದು ಚಿಪ್ಪಿಗಳ ಚಾಪೆಯೇ ಹಾಸಿತ್ತು.

ಆ ದಡದಲ್ಲಿ ಬೀರಕ್ಕ ಎಂಬ ಹೆಂಗಸಿದ್ದಳು. ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಿನ ಬೆರಳಿನಿಂದಲೇ ಮರಳನ್ನು ತಡವಿ ಬಳಚು ಹೆಕ್ಕುವವಳು. ಅವಳ ಬೆರಳಿಗೆ ಕಣ್ಣಿದ್ದವು ಎನ್ನು. ಆದರೆ ಅಂದು ಬೆರಳಿಗೆ ಮರಳೇ ಸಿಗಲಿಲ್ಲ. ಚಿಪ್ಪಿನ ಚೂಪು ಅಂಚು ತಾಗಿ ಕಾಲು ಕುಯ್ದುಹೋಯಿತು, ಬುಟ್ಟಿ ಖಾಲಿ ಉಳಿಯಿತು.

ಚಾಪೆಯ ಕೆಳಗಿನಿಂದ ಒಂದು ಸಣ್ಣ ದನಿ ಬಂತು. ಎಲ್ಲಕ್ಕಿಂತ ಹಿರಿಯ ಬಳಚಜ್ಜಿಯ ದನಿ. "ಬೀರಕ್ಕ, ಉಸಿರು ಕಟ್ತದೆ. ನನ್ನ ಮೊಮ್ಮಕ್ಕಳೆಲ್ಲಾ ಕೆಳಗೇ ಇದ್ದಾವೆ."

ಬೀರಕ್ಕ ಎರಡೂ ಕೈ ಹಾಕಿ ಚಾಪೆಯನ್ನು ಎಳೆದಳು. ಉಗುರು ಮುರಿಯಿತು, ಚಾಪೆ ಅಲುಗಲಿಲ್ಲ.

"ಇದ್ದ ಜಾಗ ಎಲ್ಲಾ ನಿಂಗೇ ಬೇಕೇನೆ?" ಎಂದು ಗದರಿದಳು.

"ಕಡಲೇ ಹೇಳಿದ್ದು ಅಕ್ಕ. ನಂಗೆ ಬೇರೆ ಮನೆ ಇಲ್ಲ," ಎಂದಿತು ಕಂದು ಚಿಪ್ಪಿ. ಅದೂ ಸುಳ್ಳಲ್ಲ.

ಬೀರಕ್ಕ ಹೊಳೆಯ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಕೇಳಿ ಹೊಳೆ ಹೇಳಿತು:

"ಕಡಲಿನ ಮಾತು ಉಪ್ಪುನೀರು ಇರೂವರೆಗೆ. ಮಳೆಗಾಲ ನಂದು. ಇನ್ನು ಏಳು ದಿನಕ್ಕೆ ನಾನು ಹೊಸನೀರು ತರ್ತೆ. ಉಪ್ಪನ್ನೆಲ್ಲಾ ಹೊರಗೆ ತಳ್ತೆ."

ಉಪ್ಪಿಲ್ಲದೆ ಕಂದು ಚಿಪ್ಪಿ ಬದುಕುವುದಿಲ್ಲ. ಬೀರಕ್ಕ ಸುಮ್ಮನಿದ್ದಿದ್ದರೆ ಅವಳ ಕೆಲಸ ತಾನಾಗಿ ಆಗುತ್ತಿತ್ತು. ಆದರೆ ಅವಳು ಕುಯ್ದ ಕಾಲಿನಲ್ಲೇ ಮತ್ತೆ ನೀರಿಗಿಳಿದಳು. "ಏಳೇ ದಿನ ಅದೆ ತಂಗಿ. ಬಿಟ್ಟು ಹೋಗು."

ಕಂದು ಚಿಪ್ಪಿ ಪ್ರಯತ್ನ ಮಾಡಿತು. ಒಂದು ದಿನ ಮಾಡಿತು, ಎರಡು ದಿನ ಮಾಡಿತು. ಆರನೆಯ ದಿನ ಹೇಳಿತು: "ಅಕ್ಕ, ನಂಗೆ ಬಿಡೂಕೆ ಬರೂದಿಲ್ಲ. ಹಿಡಿಯೂದೊಂದೇ ಕಲ್ತದ್ದು."

ಆಗ ಕೆಳಗಿನಿಂದ ಬಳಚಜ್ಜಿ ಮಾತಾಡಿತು. ಉಸಿರಿಗೆ ಒದ್ದಾಡುತ್ತಲೇ ಮಾತಾಡಿತು. "ನಿನ್ನ ಕೈಲಿ ಆಗದಿದ್ರೆ ಹೊಟ್ಟೆಯೊಳಗಿನ ಮಕ್ಕಳನ್ನಾದ್ರೂ ಬಿಡೇ. ಅವಕ್ಕೆ ಇನ್ನೂ ನಾರು ಬಂದಿಲ್ಲ. ನಾಳೆ ಇಳಿತದಲ್ಲಿ ಬಿಡು, ನೀರೇ ಕಡಲಿಗೆ ಕರ್ಕಂಡು ಹೋಗ್ತದೆ."

ಏಳನೆಯ ದಿನ ನೀರು ಕಡಲಿನ ಕಡೆಗೆ ಇಳಿಯತೊಡಗಿದಾಗ ಚಾಪೆಗೆ ಚಾಪೆಯೇ ಬಾಯಿ ತೆರೆಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಮಕ್ಕಳು ಲಕ್ಷಗಟ್ಟಲೆ ಹೊರಬಂದವು. ನೀರು ಅಕ್ಕಿ ತೊಳೆದಂತೆ ಬೆಳ್ಳಗಾಯಿತು. ಹಿಡಿಯುವುದನ್ನಷ್ಟೇ ಕಲಿತಿದ್ದ ಜೀವ ಅಂದು ಮೊದಲ ಸಲ ಬಿಟ್ಟಿತು. ಬಿಟ್ಟಿದ್ದು ತನ್ನ ಮಕ್ಕಳನ್ನು.

ಸಂಜೆಗೆ ಕೆಂಪು ಹೊಸನೀರು ಬಂತು. ಬಳಚುಗಳು ಬಾಯಿ ಮುಚ್ಚಿಕೊಂಡು ಆದಷ್ಟು ಆಳಕ್ಕೆ ಇಳಿದವು. ಕಂದು ಚಿಪ್ಪಿ ಇದ್ದಲ್ಲೇ ಹಿಡಿದುಕೊಂಡಿತು.

ನೆರೆ ಇಳಿದ ಮೇಲೆ ಬೀರಕ್ಕ ಬಂದು ನೋಡಿದಳು. ಚಾಪೆ ಕೊಚ್ಚಿಹೋಗಿತ್ತು, ಮರಳು ಮೊದಲಿನಂತೆ ಮೆತ್ತಗಿತ್ತು, ಬಳಚುಗಳು ಉಸಿರಾಡುತ್ತಿದ್ದವು. ಬಂಡೆಯ ಮೇಲೆ, ಬಲೆಯ ಗೂಟಗಳ ಮೇಲೆ ಮಾತ್ರ ಕಂದು ಚಿಪ್ಪುಗಳು ಉಳಿದಿದ್ದವು. ಒಳಗೆ ಯಾರೂ ಇರಲಿಲ್ಲ. ನಾರು ಮಾತ್ರ ಬಿಟ್ಟಿರಲಿಲ್ಲ. ಜಾಗ ಕಸಿದವಳಿಗಾಗಿ ಬೀರಕ್ಕ ಅತ್ತಳು. ಗೂಟದ ಮೇಲಿನ ಆ ಚಿಪ್ಪುಗಳನ್ನು ಅವಳು ಕೆರೆಯಲಿಲ್ಲ.

ದೀಪಾವಳಿ ಕಳೆಯಿತು. ಅಳಿವೆಗೆ ಉಪ್ಪುನೀರು ಮರಳಿತು. ಒಂದು ಬೆಳಿಗ್ಗೆ ಬೀರಕ್ಕ ಗೂಟದ ಹತ್ತಿರ ಬಗ್ಗಿ ನೋಡಿ, "ಬಂದ್ಯೇನೆ?" ಎಂದಳು.

ಅದಕ್ಕೇ ಮಗು, ಇಂದಿಗೂ ಮಳೆಗಾಲ ಕಳೆದ ಮೇಲೆ ಅಳಿವೆಗೆ ಹೋದರೆ ಗೂಟದ ಮೇಲೆ ಖಾಲಿ ಕಂದು ಚಿಪ್ಪೊಂದು ಹಿಡಿದುಕೊಂಡೇ ಇರುತ್ತದೆ, ಅದರ ಬೆನ್ನ ಮೇಲೆ ನಿನ್ನ ಕಿರುಬೆರಳಿನ ಉಗುರಿನಷ್ಟು ಹೊಸ ಚಿಪ್ಪಿಯೊಂದು ಆಗಷ್ಟೇ ಬಂದು ಕೂತಿರುತ್ತದೆ.