ಇಬ್ಬರಿಗೂ "ಆಗಲಿ" ಎಂದ ಕರಡಿ

ಬಿದಿರುಮೆಳೆಗಳು ತುಂಬಿದ ಕಾಡೊಂದರಲ್ಲಿ ಕಲ್ಲುಕೆರೆ ಎಂಬ ಕೆರೆಯಿತ್ತು. ಬೇಸಿಗೆಯಲ್ಲಿ ಸುತ್ತಲಿನ ಹಳ್ಳಗಳೆಲ್ಲ ಒಣಗಿದ ಮೇಲೂ ಅದರಲ್ಲಿ ನೀರು ನಿಲ್ಲುತ್ತಿತ್ತು. ಇಂಥ ಕೆರೆಗೆ ಒಬ್ಬ ಯಜಮಾನ ಬೇಕೆಂದು ಪ್ರಾಣಿಗಳು ಸಭೆ ಸೇರಿ, ಬಾಲ ಎತ್ತಿ ಮತ ಹಾಕಿ, ಗುಡ್ಡಪ್ಪನೆಂಬ ಕರಡಿಯನ್ನು ಆರಿಸಿದವು.

ಗುಡ್ಡಪ್ಪ ಒಳ್ಳೆಯವನು, ಮಕ್ಕಳೇ. ಅದರಲ್ಲಿ ಸಂದೇಹ ಬೇಡ. ಯಾರ ಪಾಲನ್ನೂ ಕಸಿಯುತ್ತಿರಲಿಲ್ಲ, ಯಾರ ಮೇಲೂ ಗುಡುಗುತ್ತಿರಲಿಲ್ಲ. ಆದರೆ ಎಲ್ಲರಿಂದಲೂ ಒಳ್ಳೆಯವನೆನಿಸಿಕೊಳ್ಳುವ ಆಸೆ ಅವನಿಗೆ ಅತಿಯಾಗಿತ್ತು. ಯಾರು ಏನು ಕೇಳಿದರೂ "ಆಗಲಿ" ಎನ್ನುತ್ತಿದ್ದ. "ಇಲ್ಲ" ಎಂಬ ಎರಡಕ್ಷರ ಅವನ ಬಾಯಿಂದ ಹೊರಡುತ್ತಲೇ ಇರಲಿಲ್ಲ. ಜಗಳವಾಡುವವರನ್ನು ಎದುರುಬದುರು ಕೂರಿಸಬೇಕಾಗಿ ಬಂದರೆ ಮೆಲ್ಲನೆ ಜಾರಿಕೊಳ್ಳುತ್ತಿದ್ದ. ಇದಕ್ಕೆ ಸಜ್ಜನಿಕೆ ಎನ್ನುವುದಿಲ್ಲ, ಪುಕ್ಕಲುತನ ಎನ್ನುತ್ತಾರೆ.

ಒಂದು ಬೇಸಿಗೆಯಲ್ಲಿ ಕೆರೆಯ ನೀರು ತೀರ ಕಡಿಮೆಯಾಯಿತು. ಕಾಡುಹಂದಿಗಳ ಮುಖಂಡ ಕೋರೆಪ್ಪ ಗುಡ್ಡಪ್ಪನ ಗವಿಗೆ ಬಂದ.

"ಯಜಮಾನರೇ, ನಾಳೆಯಿಂದ ಬೆಳಕು ಹರಿಯುವ ಹೊತ್ತಿಗೆ ಕೆರೆ ಪೂರ್ತಿ ನಮ್ಮದು. ನಾವು ಹೊರಳಾಡಿ ಎದ್ದ ಮೇಲೆ ಉಳಿದವರು ಬರಲಿ."

"ಆಗಲಿ ಕೋರೆಪ್ಪ, ಆಗಲಿ. ಈ ಮಾತು ನಮ್ಮಿಬ್ಬರಲ್ಲೇ ಇರಲಿ."

ಅವನು ಅತ್ತ ಹೋದನೋ ಇಲ್ಲವೋ, ಇತ್ತ ಜಿಂಕೆಗಳ ಹಿರಿಯಳಾದ ಚೆಲುವಕ್ಕ ಬಂದಳು.

"ಗುಡ್ಡಪ್ಪಣ್ಣ, ಹಂದಿಗಳು ಇಳಿದರೆ ನೀರು ಗಂಜಿಯ ಹಾಗಾಗುತ್ತದೆ. ನಮ್ಮ ಮರಿಗಳು ಅದನ್ನು ಮೂಸಿಯೂ ನೋಡುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಕೆರೆಯನ್ನು ಪೂರ್ತಿ ನಮಗೆ ಬಿಟ್ಟುಬಿಡಿ."

"ಆಗಲಿ ತಂಗಿ. ಆದರೆ ಯಾರಿಗೂ ಹೇಳಬೇಡ."

ಒಂದೇ ದಿನ ಇಬ್ಬರನ್ನು ಸಂತೋಷಪಡಿಸಿದೆನೆಂದು ಗುಡ್ಡಪ್ಪ ಹಿಗ್ಗಿದ. ಗವಿಯ ಬಂಡೆಯ ಮೇಲೆ ಕುಳಿತು ಎರಡೂ ಮಾತು ಕೇಳಿಸಿಕೊಂಡ ತುಂಗಮ್ಮ ಎಂಬ ಟಿಟ್ಟಿಭ ಹಕ್ಕಿ ಮಾತ್ರ ಹಾರಿ ಅವನ ಮುಂದೆ ಬಂದಿಳಿದಳು. ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವ ಹಕ್ಕಿಯಲ್ಲ, ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ತುಂಗಮ್ಮನ ಮೊಟ್ಟೆಗಳು ಕೆರೆಯ ದಡದಲ್ಲಿ, ಬೆಣಚುಕಲ್ಲುಗಳ ನಡುವೆ ಇದ್ದವು.

"ಯಜಮಾನರೇ, ಇದೇನು ಮಾಡಿದಿರಿ? ಇಬ್ಬರಿಗೂ ಒಂದೇ ಹೊತ್ತು ಕೊಟ್ಟಿರಿ! ಎರಡೂ ಹಿಂಡು ಒಟ್ಟಿಗೆ ನುಗ್ಗಿದರೆ ನನ್ನ ಮೊಟ್ಟೆಗಳ ಗತಿಯೇನು?"

"ಆಗಲಿ ತುಂಗಮ್ಮ, ನೋಡೋಣ."

"ಏನಾಗಲಿ? ಮೊಟ್ಟೆ ಒಡೆದುಹೋಗಲಿ ಎಂದೇ?"

ಗುಡ್ಡಪ್ಪ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ.

ಬೆಳಗಾಯಿತು. ಒಂದು ಕಡೆಯಿಂದ ಹಂದಿಗಳು, ಇನ್ನೊಂದು ಕಡೆಯಿಂದ ಜಿಂಕೆಗಳು ದಡಕ್ಕೆ ಬಂದವು.

"ದಾರಿ ಬಿಡಿ! ಯಜಮಾನರು ನಮಗೆ ಮಾತು ಕೊಟ್ಟಿದ್ದಾರೆ," ಎಂದ ಕೋರೆಪ್ಪ.

"ಕೊಟ್ಟದ್ದು ನಮಗೆ! ಮೊದಲು ಮೂತಿ ತೊಳೆದುಕೊಂಡು ಮಾತಾಡು," ಎಂದಳು ಚೆಲುವಕ್ಕ.

"ತೊಳೆಯುವುದಕ್ಕೇ ಬಂದಿದ್ದೇನೆ. ನೀನು ಬಿಟ್ಟರಲ್ಲವೇ?"

ಹಂದಿಗಳು ನೆಲ ಕೆರೆದವು. ಗಂಡು ಜಿಂಕೆಗಳು ಕೊಂಬು ತಗ್ಗಿಸಿದವು. ತುಂಗಮ್ಮ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ನಿಂತು ಕಿರುಚಿದಳು. ಆ ಗದ್ದಲದಲ್ಲಿ ಅವಳ ಮಾತು ಕೇಳುವವರು ಯಾರು? ಆಗ ಬಿದಿರುಮೆಳೆಯ ಹಿಂದೆ ಅವಿತಿದ್ದ ಗುಡ್ಡಪ್ಪನ ಕಪ್ಪು ಬೆನ್ನು ಅವಳ ಕಣ್ಣಿಗೆ ಬಿತ್ತು.

"ಅಲ್ಲಿ ಅಡಗಿ ಕೂತರೆ ಆಯಿತೇ? ಅವರವರ ಕಿವಿಯಲ್ಲಿ ಹೇಳಿದ್ದನ್ನು ಈಗ ಎಲ್ಲರ ಮುಂದೆ ಹೇಳಿ, ಯಜಮಾನರೇ!"

ಗುಡ್ಡಪ್ಪನಿಗೆ ಓಡಿಹೋಗಬೇಕೆನ್ನಿಸಿತು. ಅಷ್ಟರಲ್ಲಿ ಕೋರೆಪ್ಪನ ಗೊರಸು ಮೊಟ್ಟೆಗಳ ಪಕ್ಕದಲ್ಲೇ ಊರಿತು. ಪುಟ್ಟ ಹಕ್ಕಿ ಮಾತ್ರ ಕದಲಲಿಲ್ಲ. ಅದನ್ನು ಕಂಡು ಗುಡ್ಡಪ್ಪನಿಗೆ ನಾಚಿಕೆಯಾಯಿತು. ಒಂದೇ ಓಟಕ್ಕೆ ಬಂದು ಎರಡು ಹಿಂಡಿನ ನಡುವೆ ನಿಂತ.

"ನಿಲ್ಲಿ! ಇಬ್ಬರಿಗೂ ಮಾತು ಕೊಟ್ಟವನು ನಾನೇ. ತಪ್ಪು ನನ್ನದು."

"ಹಾಗಾದರೆ ಎತ್ತಿದ ಬಾಲ ಈಗಲೇ ಇಳಿಸುತ್ತೇವೆ," ಎಂದು ಕೋರೆಪ್ಪ ಗುರುಗುಟ್ಟಿದ.

"ಆಮೇಲೆ ಇಳಿಸುವೆಯಂತೆ. ಮೊದಲು ಎಲ್ಲರೂ ಕುಳಿತುಕೊಳ್ಳಿ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಬಾಯಿ ಹಾಕಕೂಡದು. ಕೋರೆಪ್ಪ, ನಿಮಗೆ ಕೆರೆ ಬೇಕಾದದ್ದು ಏತಕ್ಕೆ?"

"ಕೆಸರಿಗೆ. ಮಧ್ಯಾಹ್ನದ ಬಿಸಿಲಿಗೆ ಮೈ ಸುಡುತ್ತದೆ, ಹುಳುಗಳು ಬೇರೆ ಕಚ್ಚುತ್ತವೆ."

"ಬಿಸಿಲು ಮಧ್ಯಾಹ್ನದ್ದು. ಬೆಳಗ್ಗೆಯೇ ಏಕೆ ಕೇಳಿದೆ?"

ಕೋರೆಪ್ಪ ಮೂತಿಯಿಂದ ಮಣ್ಣು ಕೆದಕಿದ. "ಜಿಂಕೆಗಳು ಮೊದಲು ಇಳಿದರೆ, ನಾವು ಅವರಿಗಿಂತ ಕಡಿಮೆ ಎಂದಾಗುವುದಿಲ್ಲವೇ?"

ಜಿಂಕೆಗಳು ಕಿಸಕ್ಕನೆ ನಕ್ಕವು.

"ನಗುವುದು ಸಾಕು," ಎಂದ ಗುಡ್ಡಪ್ಪ. "ಚೆಲುವಕ್ಕ, ಕುಡಿಯುವ ನೀರಿಗೆ ಇಡೀ ಕೆರೆ ಬೇಕೇ?"

ಚೆಲುವಕ್ಕ ಕಿವಿ ಇಳಿಬಿಟ್ಟಳು. "ಬೇಡ. ಮೂಡಲ ದಿಕ್ಕಿನ ಮರಳುದಡ ಸಾಕು. ಹಂದಿಗಳೆಲ್ಲಿ ಎಲ್ಲವನ್ನೂ ಕೇಳಿಬಿಡುತ್ತವೋ ಎಂದು ನಾನೂ ಪೂರ್ತಿ ಕೇಳಿದೆ."

ಉಳಿದದ್ದು ಸುಲಭವಾಯಿತು. ಬೆಳಗ್ಗೆ ಮೂಡಲ ಮರಳುದಡ ಜಿಂಕೆಗಳಿಗೆ, ಮಧ್ಯಾಹ್ನ ಪಡುವಲ ಕೆಸರಿನ ಮೂಲೆ ಹಂದಿಗಳಿಗೆ ಎಂದು ಒಪ್ಪಂದವಾಯಿತು. ತುಂಗಮ್ಮನ ಮೊಟ್ಟೆಗಳು ಮರಿಯಾಗುವವರೆಗೆ ಎಲ್ಲರೂ ಆ ಬೆಣಚುಕಲ್ಲಿನ ದಡ ಬಿಟ್ಟು ಬಿದಿರುಮೆಳೆಯನ್ನು ಸುತ್ತಿಕೊಂಡು ಬರಬೇಕು.

"ಅಷ್ಟು ದೂರವೇ? ನಮ್ಮ ಮನೆಯವಳಿಗಾದರೂ ಹತ್ತಿರದ ದಾರಿ ಕೊಡಿ, ಯಜಮಾನರೇ," ಎಂದ ಕೋರೆಪ್ಪ.

ಗುಡ್ಡಪ್ಪ ಉಸಿರು ಬಿಗಿಹಿಡಿದು ಹೇಳಿದ: "ಇಲ್ಲ."

ಹೇಳಿದ್ದೇ ತಡ, ಆಕಾಶ ಕಳಚಿ ಬೀಳುವುದೇನೋ ಎಂದು ಮೇಲೆ ನೋಡಿದ. ಅದು ಬೀಳಲಿಲ್ಲ. ಕೋರೆಪ್ಪನೂ ಗೊಣಗುತ್ತಾ ಸುತ್ತುದಾರಿಯನ್ನೇ ಹಿಡಿದ. ಬಾಲ ಇಳಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಸ್ವಲ್ಪ ದಿನಗಳಲ್ಲಿ ಮೊಟ್ಟೆಗಳು ಒಡೆದು, ಉದ್ದಕಾಲಿನ ಮರಿಗಳು ದಡದ ತುಂಬ ಓಡಾಡತೊಡಗಿದವು. ಅವುಗಳ ಓಟ ನೋಡುತ್ತಾ ಕುಳಿತಿದ್ದ ಗುಡ್ಡಪ್ಪನ ಬಳಿಗೆ ಕೋರೆಪ್ಪ ಮೆಲ್ಲನೆ ಬಂದ.

"ಯಜಮಾನರೇ, ಆ ಚೆಲುವಕ್ಕನ ಬಗ್ಗೆ ಗುಟ್ಟಾಗಿ ಒಂದು ಮಾತು ಹೇಳುವುದಿತ್ತು."

"ಹೇಳುವೆಯಂತೆ, ಇರು. ಅವಳನ್ನೂ ಕರೆಯುತ್ತೇನೆ," ಎಂದು ಗುಡ್ಡಪ್ಪ ಎದ್ದ.

ಕೋರೆಪ್ಪ ಹಿಂದಕ್ಕೆ ಸರಿದ. "ಬಿಡಿ, ಅಂಥ ದೊಡ್ಡ ವಿಷಯವೇನಲ್ಲ," ಎಂದವನೇ ಕೆಸರಿಗೆ ಹೋಗಿ ಮಲಗಿದ.

ನೀತಿ: ಗುಟ್ಟಾಗಿ ಎಲ್ಲರಿಗೂ "ಆಗಲಿ" ಎನ್ನುವವನು ಜಗಳ ಬೆಳೆಸುತ್ತಾನೆ, ಎಲ್ಲರನ್ನೂ ಎದುರಿಗೆ ಕೂರಿಸಿ ಕೇಳಿ, ಅಗತ್ಯವಾದಾಗ "ಇಲ್ಲ" ಎನ್ನಬಲ್ಲವನೇ ನಾಯಕ.