ಬೀಗದ ಬಾಯಲ್ಲಿ ಚೆಂಡುಹೂ

ಆಯುಧಪೂಜೆಯ ದಿನ ತುಂಗಮ್ಮ ವಾಷಿಂಗ್ ಮಷಿನ್ನಿಗೂ ಹೂ ಮುಡಿಸಿದಳು. ಚೆಂಡುಹೂವಿನ ಎಸಳೊಂದು ಉದುರಿ ಮಷಿನ್ ಬಾಗಿಲಿನ ಬೀಗದ ಬಾಯಿಗೆ ಬಿತ್ತು. ಬೀಗ ಅದನ್ನು ಪ್ರಸಾದವೆಂದು ಕಚ್ಚಿಕೊಂಡಿತು.

ಮರುದಿನ ಬಾಗಿಲಿನ ಕೊಂಡಿ ಬಂದು, "ಅಣ್ಣಾ, ಸ್ವಲ್ಪ ಜಾಗ ಬಿಡು, ಬಟ್ಟೆ ಕಾಯುತ್ತಿವೆ" ಎಂದಿತು.

"ಇದು ಪೂಜೆ ಮಾಡಿಸಿಕೊಂಡ ಬಾಯಿ. ಕಂಡಕಂಡವರು ನುಗ್ಗುವ ಹಾಗಿಲ್ಲ" ಎಂದಿತು ಬೀಗ.

ಬಾಗಿಲು ಹಾಕಿಕೊಳ್ಳಲಿಲ್ಲ, ಮಷಿನ್ ತಿರುಗಲಿಲ್ಲ. ಬೀಗ ಕೆಟ್ಟಿದೆಯೆಂದುಕೊಂಡ ತುಂಗಮ್ಮ ಪೇಟೆಯಿಂದ ಹೊಸ ಬೀಗ ತಂದಳು. ಪ್ಲಗ್ ಕಿತ್ತು, ಹಳೆಯದನ್ನು ಬಿಚ್ಚಿ ಎಸೆಯಲು ಸ್ಕ್ರೂಡ್ರೈವರ್ ಹಿಡಿದಳು.

"ಪೂಜೆ ಮಾಡಿದ ಕೈಯಲ್ಲೇ ಎಸೆಯುವುದೇ?" ಎಂದು ಬೀಗ ನಡುಗಿತು.

"ನನಗೂ ಕುಂಕುಮ ಇಟ್ಟಿದ್ದರು ಮಾರಾಯ. ಒರೆಸಿಕೊಂಡು ಕೆಲಸಕ್ಕೆ ಬಂದಿದ್ದೇನೆ" ಎಂದಿತು ಸ್ಕ್ರೂಡ್ರೈವರ್. "ನಿನಗೆ ಹೂವಿಟ್ಟದ್ದು ಬಾಗಿಲು ಹಿಡಿದೆಯೆಂದು, ಹೂವನ್ನೇ ಹಿಡಿದುಕೊಂಡು ಕೂರಲೆಂದಲ್ಲ."

ಮೊದಲ ಸ್ಕ್ರೂ ಸಡಿಲವಾಗುತ್ತಲೇ ಬೀಗ ಬಾಯಿ ಬಿಟ್ಟಿತು. ಎಸಳು ಕೆಳಗೆ ಬಿತ್ತು. ತುಂಗಮ್ಮ ಅದನ್ನು ನೋಡಿ ನಕ್ಕು, ಸ್ಕ್ರೂ ಮತ್ತೆ ಬಿಗಿದು, ಪ್ಲಗ್ ಹಾಕಿ ಬಾಗಿಲು ತಳ್ಳಿದಳು. ಕೊಂಡಿ ಟಕ್ಕೆಂದು ಕೂತಿತು, ಬಟ್ಟೆ ತಿರುಗತೊಡಗಿದವು.

ಅಟ್ಟ ಸೇರಿದ ಹೊಸ ಬೀಗ ಡಬ್ಬಿಯೊಳಗಿನಿಂದಲೇ ಕೇಳಿತು: "ಮುಂದಿನ ಆಯುಧಪೂಜೆ ಯಾವಾಗ?"